ಮೇಲಕ್ಕೆ ಹೋಗುವ ಮಾಹಿತಿ, ಕೆಳಕ್ಕೆ ಬಾರದ ಬ್ಯಾಟರಿ

ಪತ್ರ: ಶಾಲಾ ಮಕ್ಕಳಿಗೆ ಕೊಡುವ ಗುರುತಿನ ಸಂಖ್ಯೆಯಾದ ಅಪಾರ್ ಬಗ್ಗೆ ನಿಮ್ಮ ಪತ್ರಿಕೆ ಬರೀ ತಕರಾರು ತೆಗೆಯುತ್ತದೆ. ದೇಶಕ್ಕೆಲ್ಲ ಒಂದೇ ಸಂಖ್ಯೆಯಾದರೆ ಟಿ.ಸಿ.ಗೆ ಅಲೆಯುವುದು ತಪ್ಪುವುದಿಲ್ಲವೇ?
– ನಿವೃತ್ತ ಮುಖ್ಯ ಶಿಕ್ಷಕರು, ಹಾವೇರಿ ಜಿಲ್ಲೆ

ಉತ್ತರ: ಗುಳೆ ಹೋದ ಕುಟುಂಬದ ಮಗು ಎಲ್ಲಿ ಸೇರಿತೆಂದು ತಿಳಿಯಲು ಅದು ಅನುಕೂಲ, ಒಪ್ಪಿದೆವು. ಆದರೆ ಮೇಷ್ಟ್ರೇ, ಆ 12 ಅಂಕಿ ಹುಟ್ಟುವ ದಾರಿ ನೋಡಿ. ಮೊದಲು ಮಗು ಶಾಲೆಗಳ ರಾಷ್ಟ್ರೀಯ ಮಾಹಿತಿ ಜಾಲತಾಣವಾದ ಯುಡೈಸ್ ಪ್ಲಸ್‌ನಲ್ಲಿ ದಾಖಲಾಗಿ, ಅಲ್ಲಿನ ಶಾಶ್ವತ ವಿದ್ಯಾರ್ಥಿ ಸಂಖ್ಯೆಯಾದ ಪೆನ್ ಪಡೆದಿರಬೇಕು. ಪೋಷಕರ ಒಪ್ಪಿಗೆ ಪತ್ರ ಬೇಕು. ಆಮೇಲೆ ಹೆಸರು, ಹುಟ್ಟಿದ ದಿನಾಂಕ, ಲಿಂಗ ಆಧಾರ್‌ನೊಂದಿಗೆ ತಾಳೆಯಾಗಬೇಕು. ಕೆಲಸ ನಿಲ್ಲುವುದು ಇಲ್ಲೇ. ದಾಖಲಾತಿ ಪುಸ್ತಕದಲ್ಲಿ ಹೆಸರು ಕನ್ನಡದಲ್ಲಿದೆ. ಆಧಾರ್ ಕೇಂದ್ರದಲ್ಲಿ ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಒತ್ತಿದ್ದಾರೆ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಹುಟ್ಟಿದ ದಿನಾಂಕ ತಿದ್ದಿಸಲು ಜನನ ಪ್ರಮಾಣಪತ್ರ ಬೇಕು. ಅದರಲ್ಲೇ ತಪ್ಪಿದ್ದರೆ ಮೊದಲು ಅದನ್ನು ತಿದ್ದಿಸಬೇಕು. ಕೂಲಿಯವರಿಗೆ ಒಂದೊಂದು ಅಲೆದಾಟವೂ ಒಂದೊಂದು ದಿನದ ಸಂಬಳ. ಇನ್ನು ನಿಮ್ಮ ಟಿ.ಸಿ. ಮಾತು: ಹಳೆಯ ಶಾಲೆ ಮಗುವಿನ ಹೆಸರನ್ನು ಯುಡೈಸ್‌ನ ಡ್ರಾಪ್‌ಬಾಕ್ಸ್‌ಗೆ, ಅಂದರೆ ಶಾಲೆ ಬಿಟ್ಟವರ ಪಟ್ಟಿಗೆ, ಬಿಡುವವರೆಗೆ ಹೊಸ ಶಾಲೆ ಸೇರಿಸಿಕೊಳ್ಳಲಾಗದು. ಅಲೆದಾಟ ಹೋಗಿ ಫೋನ್ ಕಾಟ ಬಂತು, ಅಷ್ಟೇ.

ಆಧಾರ್ ಪ್ರಶ್ನಿಸಿ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ, ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಅಪಾರ್ ಕೂಡ ಐಚ್ಛಿಕವೇ. ಐಚ್ಛಿಕವಾದದ್ದಕ್ಕೆ ಬಾಕಿ ಪಟ್ಟಿ ಹಿಡಿದು ಶಿಕ್ಷಕರನ್ನು ಗದರಿಸುವುದು ಯಾವ ನ್ಯಾಯ? ಆ ಪಟ್ಟಿ ತುಂಬಿಸುವ ಹೊತ್ತು ಗಣಿತದ ಪೀರಿಯಡ್ಡಿನಿಂದಲೇ ಹೋಗುತ್ತದೆ. ಇದನ್ನು ನಿಮ್ಮಂಥವರು ಮರೆಯಬಾರದಿತ್ತು.

ಅದೇ ಯುಡೈಸ್‌ನ 2023-24ರ ವರದಿಯಂತೆ ದೇಶದಲ್ಲಿ ಕಂಪ್ಯೂಟರ್ ಇರುವ ಶಾಲೆಗಳು ಶೇ 57.2, ಇಂಟರ್‌ನೆಟ್ ಇರುವವು ಶೇ 53.9. ಉಳಿದ ಶಾಲೆಗಳಿಗೆ ಈ ಮಾಹಿತಿ ತುಂಬಲು ಶಿಕ್ಷಕರ ಸ್ವಂತ ಮೊಬೈಲ್, ಇಲ್ಲವೇ ಸೈಬರ್ ಸೆಂಟರ್. ಲ್ಯಾಬ್ ಇದ್ದಲ್ಲಿ ಮೊದಲು ಕೈಕೊಡುವುದು ಕಂಪ್ಯೂಟರಲ್ಲ, ಯುಪಿಎಸ್ ಬ್ಯಾಟರಿ. ಎರಡು ಮೂರು ವರ್ಷಕ್ಕೆ ಅದು ಸತ್ತರೆ, ಕರೆಂಟ್ ಹೋದಾಗಲೆಲ್ಲ ಯಂತ್ರ ಆರಿ ಹಾರ್ಡ್‌ಡಿಸ್ಕ್ ಕೆಡುತ್ತದೆ. ಐವತ್ತು ಮಕ್ಕಳ ಸರ್ಕಾರಿ ಶಾಲೆಗೆ ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯಿಂದ ವರ್ಷಕ್ಕೆ ಸಿಗುವ ಶಾಲಾ ಅನುದಾನ 25,000 ರೂಪಾಯಿ. ಸೀಮೆಸುಣ್ಣ, ಕರೆಂಟ್ ಬಿಲ್, ಶೌಚಾಲಯದ ಸ್ವಚ್ಛತೆ ಎಲ್ಲಕ್ಕೂ ಅದೇ ಹಣ.

ಯಂತ್ರ ಕೊಟ್ಟು ಕೈತೊಳೆದುಕೊಂಡರೆ ಏನಾಗುತ್ತದೆಂದು ಪೆರು ದೇಶ ಕಂಡಿದೆ. ಅಲ್ಲಿನ 319 ಗ್ರಾಮೀಣ ಶಾಲೆಗಳಲ್ಲಿ ಲ್ಯಾಪ್‌ಟಾಪ್ ಯೋಜನೆಯ ಪರಿಣಾಮ ಅಳೆದಾಗ ಗಣಿತದಲ್ಲೂ ಭಾಷೆಯಲ್ಲೂ ಪ್ರಗತಿ ಕಾಣಲಿಲ್ಲ.

ಕ್ಲಸ್ಟರಿಗೊಬ್ಬ (ಅಕ್ಕಪಕ್ಕದ ಶಾಲೆಗಳ ಗುಂಪಿಗೊಬ್ಬ) ಡೇಟಾ ಎಂಟ್ರಿ ಆಪರೇಟರ್, ಬ್ಯಾಟರಿಗೆ ಪ್ರತ್ಯೇಕ ಹಣ, ಶಾಲೆಗೇ ಬರುವ ಆಧಾರ್ ತಿದ್ದುಪಡಿ ಶಿಬಿರ: ನಾವು ಕೇಳುವುದು ಇಷ್ಟು. ನಿಮ್ಮ ಮಾತಿಗೆ ಇಲಾಖೆಯಲ್ಲಿ ಬೆಲೆಯಿದೆ. ಮುಂದಿನ ಪತ್ರವನ್ನು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೇ ಬರೆಯಿರಿ, ಪ್ರತಿಯೊಂದನ್ನು ನಮಗೂ ಕಳಿಸಿ.