ನೆರಡಿ ರೋಗದ ಕೊಟ್ಟಿಗೆಗೆ ಫಿನೈಲ್ ಸಾಕೇ?

ನಮಸ್ಕಾರ. ನೆರಡಿ ರೋಗದಿಂದ (ಆಂಥ್ರಾಕ್ಸ್) ಹಸು ಸತ್ತ ಜಾಗಕ್ಕೆ ಫಿನೈಲ್ ಸುರಿದು ಸುಣ್ಣ ಹಾಕಿದ್ದೇವೆ, ಉಳಿದ ದನಗಳನ್ನು ಅಲ್ಲೇ ಕಟ್ಟಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಈಗಲೇ ಕಟ್ಟಬೇಡಿ.

ಈ ರೋಗದ ಬ್ಯಾಕ್ಟೀರಿಯಾ ಹಸುವಿನ ಮೈಯೊಳಗೆ ಇರುವಾಗ ಸಾಮಾನ್ಯ ಸೋಂಕುನಿವಾರಕಕ್ಕೂ ಸಾಯುತ್ತದೆ. ಆದರೆ ಮೂಗು, ಗುದದ್ವಾರಗಳಿಂದ ಸೋರುವ ಹೆಪ್ಪುಗಟ್ಟದ ರಕ್ತದೊಂದಿಗೆ ಹೊರಬಂದು ಗಾಳಿಗೆ ಒಡ್ಡಿಕೊಂಡಾಗ ಅದು ಬೀಜಾಣುವಾಗಿ, ಅಂದರೆ ಸ್ಪೋರ್ ಆಗಿ ಮಾರ್ಪಡುತ್ತದೆ. ಸತ್ತ ದನವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು ಎಂದು ಪಶುವೈದ್ಯರು ಒತ್ತಿ ಹೇಳುವುದು ಇದಕ್ಕಾಗಿಯೇ. ಕೊಯ್ಯದ ಕಳೇಬರದೊಳಗೆ ಗಾಳಿ ಸಿಗದೆ, ಕೊಳೆಯುವಿಕೆಯಲ್ಲೇ ಬಹುಪಾಲು ಬ್ಯಾಕ್ಟೀರಿಯಾ ನಾಶವಾಗುತ್ತದೆ.

ಬೀಜಾಣುವಿನ ನಡುಭಾಗದಲ್ಲಿ ನೀರಿನಂಶ ತೀರಾ ಕಡಿಮೆ. ಅಲ್ಲಿ ಡೈಪಿಕೋಲಿನಿಕ್ ಆಮ್ಲವೆಂಬ ರಾಸಾಯನಿಕವು ಕ್ಯಾಲ್ಸಿಯಂ ಜೊತೆ ಸೇರಿ ತುಂಬಿಕೊಂಡಿರುತ್ತದೆ, ಸಣ್ಣ ಪ್ರೋಟೀನುಗಳು ಡಿಎನ್‌ಎಗೆ ಅಂಟಿಕೊಂಡು ಅದನ್ನು ಕಾಯುತ್ತವೆ, ಅದರ ಸುತ್ತ ದಪ್ಪ ತೊಗಟೆಯೂ ಅದರಾಚೆ ಪ್ರೋಟೀನಿನ ಹಲವು ಪದರಗಳೂ ಇರುತ್ತವೆ. ಹೀಗಾಗಿ ಫಿನೈಲ್, ಸ್ಪಿರಿಟ್‌ನಂಥವು ತಾವು ಇರುವಷ್ಟು ಹೊತ್ತು ಬೀಜಾಣು ಮೊಳೆಯದಂತೆ ತಡೆದಾವು, ಕೊಲ್ಲಲಾರವು. ಬ್ಲೀಚಿಂಗ್ ಪೌಡರ್ ಕೊಲ್ಲಬಲ್ಲದಾದರೂ ಸಗಣಿ, ರಕ್ತ, ಮಣ್ಣು ಸಿಕ್ಕರೆ ಅದರ ಕ್ಲೋರಿನ್ ಅವುಗಳ ಮೇಲೇ ವ್ಯಯವಾಗಿಬಿಡುತ್ತದೆ. ಸುಣ್ಣವನ್ನಂತೂ ನಾನು ಹಾಕಬೇಡಿ ಎನ್ನುತ್ತೇನೆ: ಅದರ ಕ್ಯಾಲ್ಸಿಯಂ ಬೀಜಾಣು ಉಳಿಯುವುದಕ್ಕೇ ನೆರವಾಗಬಹುದೆಂಬ ಶಂಕೆಯಿದೆ.

ಕೆಲಸಕ್ಕೆ ಬರುವುದು ಫಾರ್ಮಾಲಿನ್, ಅಂದರೆ ಫಾರ್ಮಾಲ್ಡಿಹೈಡ್ ಅನಿಲ ಕರಗಿರುವ ನೀರು. ಸ್ಕಾಟ್ಲೆಂಡಿನ ಗ್ರುಯ್ನಾರ್ಡ್ ದ್ವೀಪದಲ್ಲಿ 1942ರಲ್ಲಿ ಬ್ರಿಟಿಷರು ಈ ಬೀಜಾಣುಗಳನ್ನು ಯುದ್ಧಾಸ್ತ್ರವಾಗಿ ಪರೀಕ್ಷಿಸಿದರು; ನಾಲ್ಕು ದಶಕ ಮಳೆ ಬಿಸಿಲು ಕಂಡರೂ ಆ ನೆಲ ಶುದ್ಧವಾಗದೆ, 1986ರಲ್ಲಿ ಸುಮಾರು 280 ಟನ್ ಫಾರ್ಮಾಲ್ಡಿಹೈಡನ್ನು ಸಮುದ್ರದ ನೀರಿನಲ್ಲಿ ಬೆರೆಸಿ ಸುರಿಯಬೇಕಾಯಿತು.

ನಿಮ್ಮ ಕೊಟ್ಟಿಗೆಯಲ್ಲಿ ಮೊದಲು ಗುಡಿಸಬೇಡಿ, ಧೂಳೆದ್ದರೆ ಅಪಾಯ. 10 ಲೀಟರ್ ದ್ರಾವಣದಲ್ಲಿ ಸುಮಾರು 3 ಲೀಟರ್ ಫಾರ್ಮಾಲಿನ್ ಇರುವಂತೆ ನೀರು ಬೆರೆಸಿ, ಪ್ರತಿ ಚದರ ಮೀಟರಿಗೆ ಒಂದರಿಂದ ಒಂದೂವರೆ ಲೀಟರಿನಂತೆ ನೆಲ, ಗೋದಲಿಗಳನ್ನು ನೆನೆಸಿ, ಕನಿಷ್ಠ ಎರಡು ಗಂಟೆ ಬಿಡಬೇಕು. ಆಮೇಲೆ ಸಗಣಿ, ಹುಲ್ಲು, ಮೇಲ್ಮಣ್ಣನ್ನು ಕೆರೆದು ಸುಟ್ಟು, ತೊಳೆದು, ಇನ್ನೊಮ್ಮೆ ಅದೇ ದ್ರಾವಣ ಹಾಕಬೇಕು. ಈ ಎರಡನೆಯ ಸರದಿಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಗಟ್ಟಿಯಾದ ಸಗಣಿಯ ಅಡಿಯಲ್ಲಿದ್ದ ಬೀಜಾಣುವಿಗೆ ಮೊದಲ ಸಲ ಔಷಧ ತಲುಪಿಯೇ ಇರುವುದಿಲ್ಲ. ಫಾರ್ಮಾಲಿನ್ ಹೊಗೆ ಕಣ್ಣು, ಶ್ವಾಸಕೋಶಗಳಿಗೆ ಹಾನಿಕರವಾದ್ದರಿಂದ ತಾಲ್ಲೂಕಿನ ಪಶುವೈದ್ಯರ ಸಮ್ಮುಖದಲ್ಲಿ, ತಕ್ಕ ಮುಖಕವಚ ಮತ್ತು ಕೈಗವಸು ಧರಿಸಿಯೇ ಮಾಡಿ. ಬ್ಲೀಚಿಂಗ್ ಪೌಡರಿನೊಂದಿಗೆ ಎಂದಿಗೂ ಬೆರೆಸಬೇಡಿ.

ಇಷ್ಟೆಲ್ಲ ಮಾಡಿದರೂ ಮೇಯುವ ಬಯಲನ್ನು ತೊಳೆಯಲಾಗದು. ಅದಕ್ಕೆ ಲಸಿಕೆಯೇ ದಾರಿ. ಆ ಲಸಿಕೆಯಲ್ಲಿರುವುದೂ ದುರ್ಬಲಗೊಳಿಸಿದ ತಳಿಯ ಜೀವಂತ ಬೀಜಾಣುಗಳೇ ಆದ್ದರಿಂದ, ಉಳಿದ ದನಗಳಿಗೆ ಈಗಾಗಲೇ ಪೆನ್ಸಿಲಿನ್ ಕೊಡಿಸಿದ್ದರೆ ಆ ವಿಷಯವನ್ನು ಲಸಿಕೆ ಹಾಕುವ ಮುನ್ನ ವೈದ್ಯರಿಗೆ ತಪ್ಪದೆ ತಿಳಿಸಿ. ಸತ್ತ ಹಸುವನ್ನು ಬರಿಗೈಯಲ್ಲಿ ಮುಟ್ಟಿದವರ ಚರ್ಮದ ಮೇಲೆ ನೋವಿಲ್ಲದ, ನಡುವೆ ಕಪ್ಪಾದ ಹುಣ್ಣು ಕಂಡರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.