ಮಲ್ಪೆ ಹಡಗು ಮಲ್ಪೆಲಿ ಸಿಗುತ್ತಾ?

ಪ್ರಶ್ನೆ: ಸರ್, ನೌಕಾಪಡೆಲಿ ಮಲ್ಪೆ ಅಂತ್ಲೇ ಒಂದು ಯುದ್ಧನೌಕೆ ಇದೆಯಂತೆ, ನಮ್ಮ ಹುಡುಗ ಹೇಳ್ದ. ಅದನ್ನ ಕಟ್ಟಿದ್ದು ಅಲ್ಲೇನಾ? ರಜೆಲಿ ಆಗುಂಬೆ ಘಾಟಿ ಇಳಿದು ಹೋದ್ರೆ ಮಕ್ಕಳಿಗೆ ತೋರಿಸಬಹುದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹುಡುಗ ಹೇಳಿದ್ದು ಸರಿನೇ ಮಾರಾಯ್ರೆ, ಆದ್ರೆ ಕಟ್ಟಿದ್ದು ಕೇರಳದ ಕೊಚ್ಚಿನ್ ಶಿಪ್‌ಯಾರ್ಡಲ್ಲಿ. 2024ರ ಸೆಪ್ಟೆಂಬರ್ 9ಕ್ಕೆ ನೀರಿಗಿಳಿಸಿದ್ರು, ಅವತ್ತೇ ಜೊತೆಗೆ ಇಳಿದ ಇನ್ನೊಂದರ ಹೆಸರು ಮುಲ್ಕಿ, ಎರಡೂ ನಮ್ಮ ಕರಾವಳಿ ಊರುಗಳೇ. 78 ಮೀಟರ್ ಉದ್ದ, ಸುಮಾರು 900 ಟನ್, ಆಳ ಕಮ್ಮಿ ಇರೋ ನೀರಲ್ಲಿ ಶತ್ರು ಸಬ್‌ಮರೀನ್ ಹುಡುಕಿ ಹೊಡಿಯೋದು ಇದರ ಕೆಲಸ. ಮಾಹೆ, ಮಾಲ್ವಣ, ಮಾಂಗ್ರೋಲ್ ಅಂತ ಇದರ ಅಣ್ಣತಮ್ಮಂದಿರಿಗೂ ಸಣ್ಣ ಬಂದರುಗಳ ಹೆಸರೇ. ಮೊದಲೂ ಒಂದು ಮಲ್ಪೆ ಇತ್ತು, ನೀರೊಳಗೆ ಶತ್ರು ಇಟ್ಟ ಮೈನ್ (ಸಿಡಿಯೋ ಬಾಂಬು) ತೆಗೆಯೋ ಹಡಗು, 80ರ ದಶಕದಲ್ಲಿ ಸೋವಿಯತ್‌ನಿಂದ ತಂದಿದ್ದು, ಅದರ ಹೆಸರನ್ನೇ ಇದಕ್ಕೆ ಮತ್ತೆ ಇಟ್ಟಿದ್ದಾರೆ.

ಮಲ್ಪೆ ಮೀನುಗಾರರ ಬಂದರು, ನೌಕಾನೆಲೆ ಅಲ್ಲ, ಹಂಗಾಗಿ ದಕ್ಕೆಲಿ ನಿಂತು ಅದನ್ನ ಹುಡುಕಬೇಡಿ. ಆದ್ರೆ ಕೊಚ್ಚಿನ್ ಶಿಪ್‌ಯಾರ್ಡಿನದ್ದೇ ಒಂದು ಅಂಗಸಂಸ್ಥೆ ಮಲ್ಪೆಲಿದೆ, ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಅಂತ, ಅಲ್ಲಿ ಟಗ್ (ದೊಡ್ಡ ಹಡಗು ಎಳೆಯೋ ಸಣ್ಣ ಹಡಗು) ಕಟ್ತಾರೆ.

ನನಗೆ ಮಲ್ಪೆ ಮತ್ತೆ ನೇವಿ ಅಂದ್ರೆ ಮೊದ್ಲು ನೆನಪಾಗೋದು ಸುವರ್ಣ ತ್ರಿಭುಜ ಬೋಟು. 2018ರ ಡಿಸೆಂಬರ್ 13ಕ್ಕೆ ಮಲ್ಪೆಯಿಂದ ಏಳು ಜನ ಮೀನಿಗೆ ಹೋದೋರು ವಾಪಸ್ ಬರ್ಲೇ ಇಲ್ಲ, ಮನೆಯೋರು ತಿಂಗಳುಗಟ್ಟಲೆ ಕಾದ್ರು, ಕೊನೆಗೆ 2019ರ ಮೇ ತಿಂಗಳ ಶುರುವಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣದ ಹತ್ರ ಸುಮಾರು 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡ್ತು. ಶಿವಮೊಗ್ಗ ಮಾರ್ಕೆಟಲ್ಲಿ ಬಂಗುಡೆ ತಗೊಳೋವಾಗ ಇವತ್ತಿಗೂ ಆ ಏಳು ಜನ ಕಣ್ಮುಂದೆ ಬರ್ತಾರೆ. ಆ ಊರಿನ ಹೆಸರು ಯುದ್ಧನೌಕೆ ಮೇಲೆ ಇರೋದು ನನಗೆ ತುಂಬಾ ದೊಡ್ಡ ವಿಷಯ.

ಮಕ್ಕಳಿಗೆ ನಿಜವಾದ ಯುದ್ಧನೌಕೆನೇ ತೋರಿಸಬೇಕು ಅಂದ್ರೆ ಕಾರವಾರಕ್ಕೆ ಹೋಗಿ, ಟಾಗೋರ್ ಬೀಚಲ್ಲಿ ಐಎನ್‌ಎಸ್ ಚಪಲ್ ಅನ್ನೋ ನಿವೃತ್ತ ಕ್ಷಿಪಣಿ ಹಡಗನ್ನ ಮ್ಯೂಸಿಯಂ ಮಾಡಿದ್ದಾರೆ. ಅಲ್ಲಿನ ನೌಕಾನೆಲೆ ಹೆಸರು ಕದಂಬ. ಆ ಕದಂಬರ ಮಯೂರಶರ್ಮ ನಮ್ಮ ಶಿಕಾರಿಪುರ ತಾಲೂಕಿನ ತಾಳಗುಂದದವನು, ಹೋಗ್ತಾ ದಾರೀಲಿ ಮಕ್ಕಳಿಗೆ ಇದನ್ನೂ ಹೇಳಿ.