ಆರ್ಚಿಯ ಕುರ್ಚಿ, ಎಡಿತ್‌ಳ ಓಟ

ಕೊಡಗಿನ ನಾಪೋಕ್ಲಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಕಾಫಿ ಎಸ್ಟೇಟಿನಲ್ಲಿ 34 ವರ್ಷ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದವರು. ಹೋದ ವರ್ಷ ಮಳೆಗಾಲ ಕಳೆಯೋಣ ಅಂತ ನ್ಯೂಜೆರ್ಸಿಯ ಮಗಳ ಮನೆಗೆ ಹೋಗಿದ್ದರಂತೆ. ಅಲ್ಲಿ ಅಳಿಯ ‘ಆಲ್ ಇನ್ ದಿ ಫ್ಯಾಮಿಲಿ’ ಅನ್ನುವ ಹಳೇ ಅಮೆರಿಕನ್ ಹಾಸ್ಯ ಧಾರಾವಾಹಿ ಹಾಕಿಕೊಟ್ಟರು. ನಮ್ಮ ಹಿಂದಿನ ಸಂಚಿಕೆಯಲ್ಲಿ ಅದೇ ಧಾರಾವಾಹಿಯನ್ನು ‘ಸಮಾಜ ತಿದ್ದಿದ ನಗು’ ಅಂತ ಹೊಗಳಿದ್ದೆವು. ಅವರಿಗೆ ಸಿಟ್ಟು ಬಂದಿದೆ. ಪತ್ರದ ತಿರುಳು ಇಷ್ಟು:

“ಕುರ್ಚಿಯಲ್ಲಿ ಕೂತ ಒಬ್ಬ ಗಂಡಸು ಕರಿಯರನ್ನು, ಯಹೂದಿಗಳನ್ನು, ಕಟ್ಟಿಕೊಂಡ ಹೆಂಡತಿಯನ್ನು ಬಾಯಿಗೆ ಬಂದ ಹಾಗೆ ಅನ್ನುತ್ತಾನೆ. ಜನ ನಗುತ್ತಾರೆ. ತಿದ್ದಿದ್ದು ಏನು ಇದರಲ್ಲಿ? ನಮ್ಮ ತೋಟದ ಆಫೀಸಿನಲ್ಲೂ ಹೀಗೇ ನಗುತ್ತಿದ್ದರು. ಲೈನ್ ಮನೆಯ ಕೂಲಿಯವರಿಗೆ ಸಾವ್ಕಾರ್ರು ಇಟ್ಟ ಅಡ್ಡಹೆಸರನ್ನೇ ನಾನು ಚೆಕ್‌ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಬರೆಯುತ್ತಿದ್ದೆ. ಸಂಬಳದ ದಿನ ಅದನ್ನೇ ಕೂಗುತ್ತಿದ್ದೆ. ಎಲ್ಲರೂ ನಗೋರು. ನಗುವಿನಿಂದ ಒಬ್ಬನೂ ಸುಧಾರಿಸಿದ್ದು ನಾನು ಕಾಣೆ.”

ರೈಟರೇ, ಮೊದಲು ತಪ್ಪೊಪ್ಪಿಗೆ. ಆ ತಲೆಬರಹ ಕೊಟ್ಟವನು ನಾನೇ. ಸ್ವಲ್ಪ ಜಾಸ್ತಿಯಾಯಿತು. ನಿಮ್ಮ ಅನುಮಾನ ಬರೀ ನಿಮ್ಮದಲ್ಲ. ನೀಲ್ ವಿಡ್ಮರ್, ಮಿಲ್ಟನ್ ರೋಕೀಚ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಕೆದಕಿ ನೋಡಿ 1974ರಲ್ಲಿ ಪ್ರಕಟಿಸಿದರು. ಅಮೆರಿಕದ ಹದಿಹರೆಯದವರನ್ನೂ ಕೆನಡಾದ ದೊಡ್ಡವರನ್ನೂ ಕೇಳಿದ್ದರು. ಮೊದಲೇ ಮನಸ್ಸಿನಲ್ಲಿ ಭೇದ ಇದ್ದವರಿಗೆ ಆ ಕುರ್ಚಿಯ ಗಂಡಸು, ಆರ್ಚಿ ಬಂಕರ್, ಇಷ್ಟವಾಗಿಬಿಟ್ಟಿದ್ದ. ಇಲ್ಲದವರು ಅವನನ್ನು ನೋಡಿ ನಕ್ಕಿದ್ದರು, ಇದ್ದವರು ಅವನ ಜೊತೆ ಸೇರಿ ನಕ್ಕಿದ್ದರು. ಅಲ್ಲಿಗೆ ನಿಮ್ಮ ತೋಟದ ಆಫೀಸೇ ಆಯಿತು, ಅಲ್ವಾ?

ಆದರೂ ಈ ಧಾರಾವಾಹಿಯನ್ನು ನಾನು ಬಿಟ್ಟುಕೊಡುವುದಿಲ್ಲ.

ಇದನ್ನು ಮಾಡಿದ ನಾರ್ಮನ್ ಲಿಯರ್ ಸ್ವತಃ ಯಹೂದಿ. ಬ್ರಿಟಿಷ್ ಧಾರಾವಾಹಿಯೊಂದರ ಕಥೆ ಎತ್ತಿಕೊಂಡರು. ಆದರೆ ಆರ್ಚಿಯ ಮಾತುಗಳಲ್ಲಿ ಕೆಲವು ಅವರ ಅಪ್ಪನವು. ‘ಬಾಯಿ ಮುಚ್ಚು’ ಅನ್ನಲು ಆರ್ಚಿ ಹೆಂಡತಿಗೆ ‘ಸ್ಟೈಫಲ್’ ಅಂತಾನಲ್ಲ, ಅದು ಲಿಯರ್ ಅವರ ಅಮ್ಮನಿಗೆ ಅಪ್ಪ ಹೇಳುತ್ತಿದ್ದ ಮಾತು. ಒಂದು ಟಿವಿ ಕಂಪನಿ ಎರಡು ಸಲ ಮಾದರಿ ಕಂತು ಮಾಡಿಸಿ ಎರಡು ಸಲವೂ ಬೇಡ ಅಂದಿತು. ಕೊನೆಗೆ ಸಿಬಿಎಸ್ ಅನ್ನುವ ಇನ್ನೊಂದು ಟಿವಿ ಕಂಪನಿ 1971ರ ಜನವರಿ 12ರಂದು ಮೊದಲ ಕಂತು ಹಾಕಿತು. ಅದೂ ಹೆದರುತ್ತಲೇ. ನಮ್ಮ ಭೇದಭಾವ ಎಷ್ಟು ಹಾಸ್ಯಾಸ್ಪದ ಅಂತ ತೋರಿಸಲು ಇದನ್ನು ಮಾಡಿದ್ದೇವೆ ಅಂತ ಮೊದಲೇ ಒಂದು ಒಕ್ಕಣೆ ತೋರಿಸಿದರು. ಬೈಗುಳದ ಫೋನ್ ಬರುತ್ತದೆ ಅಂತ ಆಪರೇಟರುಗಳನ್ನು ಜಾಸ್ತಿ ಕೂರಿಸಿದರು. ಅಷ್ಟೇನೂ ಫೋನ್ ಬರಲಿಲ್ಲ. ಮುಂದೆ ಐದು ವರ್ಷ ಸತತವಾಗಿ ಅಮೆರಿಕದಲ್ಲಿ ನಂಬರ್ ಒನ್.

ನ್ಯೂಯಾರ್ಕಿನ ಕ್ವೀನ್ಸ್‌ನ ಒಂದು ಮನೆ, ಹಾಲಿನಲ್ಲಿ ಒಂದು ಕುರ್ಚಿ. ಆರ್ಚಿ ಎಲ್ಲಿಗೂ ಹೋಗಬೇಕಿಲ್ಲ. ಬಾಗಿಲು ತಟ್ಟುವ ಸದ್ದಾದರೆ ದೇಶದ ತಕರಾರೇ ಒಳಗೆ ಬಂದಿತು ಅಂತ ಅರ್ಥ. ಐದನೇ ಕಂತಿನಲ್ಲೇ ಸಲಿಂಗಿಗಳ ವಿಷಯ. ಅಳಿಯನ ನಾಜೂಕು ಗೆಳೆಯನನ್ನು ಆರ್ಚಿ ಆಡಿಕೊಳ್ಳುತ್ತಾನೆ. ಕೊನೆಗೆ ನೋಡಿದರೆ ಸಲಿಂಗಿ ಆಗಿದ್ದವನು ಆರ್ಚಿಯ ಜೊತೆ ಬಾರಿನಲ್ಲಿ ಕುಡಿಯುವ, ಕಟ್ಟುಮಸ್ತಾದ ಮಾಜಿ ಫುಟ್‌ಬಾಲ್ ಆಟಗಾರ! ಇದನ್ನು ನೋಡಿ ಅಧ್ಯಕ್ಷ ನಿಕ್ಸನ್ ತಮ್ಮ ಕಚೇರಿಯಲ್ಲಿ ಗೊಣಗಿದ್ದು ಅವರದ್ದೇ ಟೇಪಿನಲ್ಲಿ ದಾಖಲಾಗಿದೆ. 1972ರಲ್ಲಿ ಕಪ್ಪು ಜನಾಂಗದ ಗಾಯಕ ಸ್ಯಾಮಿ ಡೇವಿಸ್ ಜೂನಿಯರ್ ಮನೆಗೇ ಬಂದರು. ಫೋಟೋ ಕ್ಲಿಕ್ ಆಗುವ ಹೊತ್ತಿಗೆ ಸರಿಯಾಗಿ ಆರ್ಚಿಯ ಕೆನ್ನೆಗೊಂದು ಮುತ್ತು ಕೊಟ್ಟರು.

ಇಷ್ಟರಲ್ಲೇ ನಿಂತಿದ್ದರೆ ನಿಮ್ಮ ಮಾತೇ ಸರಿ. ನೀವು ನೋಡಿದ್ದು ಮೊದಲ ಎರಡು ಸೀಸನ್ ಅಂತ ಬರೆದಿದ್ದೀರಿ. ಒಟ್ಟು ಒಂಬತ್ತು ಇವೆ, 200ಕ್ಕೂ ಜಾಸ್ತಿ ಕಂತು. ನೀವೂ ಎಲ್ಲರ ಹಾಗೆ ಕುರ್ಚಿಯನ್ನೇ ನೋಡಿದಿರಿ. ಗಂಡ ಕರೆದ ಕೂಡಲೇ ಅಡುಗೆಮನೆಯಿಂದ ದಡಬಡ ಓಡಿ ಬರುತ್ತಾಳಲ್ಲ ಎಡಿತ್, ಅವಳನ್ನು ನೋಡಿ.

1972ರಲ್ಲಿ ಅವಳಿಗೆ ಮುಟ್ಟು ನಿಲ್ಲುವ ಸಮಯ. ಟಿವಿಯಲ್ಲಿ ಆ ಮಾತು ಎತ್ತುವುದೇ ದೊಡ್ಡದು. ಆರ್ಚಿ ಹೇಳುತ್ತಾನೆ: ಬದಲಾಗೋದಿದ್ರೆ ಈಗಲೇ ಬದಲಾಗು, ಮೂವತ್ತು ಸೆಕೆಂಡ್ ಕೊಡ್ತೀನಿ. ನಗು ಬರುತ್ತದೆ, ಹೌದು. ಆದರೆ ಅದೇ ಕಂತಿನಲ್ಲಿ ಎಡಿತ್ ಮೊದಲ ಬಾರಿಗೆ ಗಂಡನ ಮಾತನ್ನು ಗಂಡನಿಗೇ ತಿರುಗಿಸುತ್ತಾಳೆ. “ಸ್ಟೈಫಲ್!”

ಆಮೇಲೆ 1973. ಮಗಳು ಗ್ಲೋರಿಯಾ ಮೇಲೆ ಕಟ್ಟಡ ಕಟ್ಟುವ ಜಾಗದ ಹತ್ತಿರ ಒಬ್ಬ ಬಲಾತ್ಕಾರಕ್ಕೆ ಯತ್ನಿಸುತ್ತಾನೆ. ಪೊಲೀಸ್ ಅಧಿಕಾರಿ ಮನೆಗೆ ಬಂದು, ಕೋರ್ಟಿನಲ್ಲಿ ವಕೀಲರು ಏನೇನು ಕೇಳಬಹುದು ಅಂತ ಕೇಳಿ ತೋರಿಸುತ್ತಾನೆ. ಎಂಥ ಬಟ್ಟೆ ಹಾಕಿದ್ದೆ, ಹೇಗೆ ನಡೆಯುತ್ತಿದ್ದೆ. ಅಪ್ಪ, ಗಂಡ ಇಬ್ಬರೂ ಸೇರಿ ದೂರು ಬೇಡ ಅಂತ ತೀರ್ಮಾನಿಸುತ್ತಾರೆ. ಕಂತು ಅಲ್ಲಿಗೇ ಮುಗಿಯುತ್ತದೆ. ಯಾರೂ ಗೆಲ್ಲುವುದಿಲ್ಲ.

ನಾಲ್ಕು ವರ್ಷ ಬಿಟ್ಟು 1977ರ ಅಕ್ಟೋಬರ್. ಎಡಿತ್‌ಗೆ ಐವತ್ತು ತುಂಬಿದ ದಿನ. ಮನೆಯವರೆಲ್ಲ ಪಕ್ಕದ ಮನೆಯಲ್ಲಿ ಪಾರ್ಟಿಗೆ ತಯಾರಿ ಮಾಡುತ್ತಿದ್ದಾರೆ. ಪೊಲೀಸ್ ಅಂತ ಸುಳ್ಳು ಹೇಳಿ ಒಬ್ಬ ಒಳಗೆ ಬರುತ್ತಾನೆ, ಅವಳ ಮೇಲೆ ಬೀಳಲು ನೋಡುತ್ತಾನೆ. ಓವನ್ನಿನಲ್ಲಿದ್ದ ಕೇಕ್ ಸೀದು ಹೊಗೆ ಬರುತ್ತದೆ. ಉರಿಯುವ ಆ ಕೇಕನ್ನೇ ಅವನ ಮುಖಕ್ಕೆ ಬಡಿದು ಎಡಿತ್ ಹೊರಗೆ ಓಡುತ್ತಾಳೆ. ಸ್ಟುಡಿಯೋದಲ್ಲಿ ಕೂತ ಜನ ಕೂಗಿದ ಕೂಗು ಕೇಳಬೇಕು ನೀವು! ಆರು ವರ್ಷಕ್ಕೂ ಜಾಸ್ತಿ ಗಂಡ ಕರೆದಾಗಲೆಲ್ಲ ಓಡಿದವಳು, ಅವತ್ತು ತನಗೋಸ್ಕರ ಓಡಿದಳು.

ಅಲ್ಲಿಗೂ ಮುಗಿಯಲಿಲ್ಲ. ಪೊಲೀಸಿನವರ ಹತ್ತಿರ ಹೋಗಲು ಎಡಿತ್ ಒಪ್ಪುವುದಿಲ್ಲ. ಹೋಗು ಅಂತ ಜಗಳ ಆಡುವವಳು ಯಾರು ಹೇಳಿ? ಅದೇ ಗ್ಲೋರಿಯಾ. ಮಾತಿಗೆ ಮಾತು ಬೆಳೆದು ತಾಯಿ ಮಗಳ ಕೆನ್ನೆಗೆ ಹೊಡೆಯುತ್ತಾಳೆ. ಆಮೇಲೆ ಹೊರಡುತ್ತಾಳೆ. ‘ನೋಡಿ ಸಮಾಜ ಬದಲಾಗಿದೆ’ ಅಂತ ಯಾರೂ ಡಂಗುರ ಹೊಡೆಯುವುದಿಲ್ಲ. 1984ರ ನಮ್ಮ ‘ಹಮ್ ಲೋಗ್’ ಧಾರಾವಾಹಿಯಲ್ಲಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಬುದ್ಧಿ ಹೇಳುತ್ತಿದ್ದರು. ನಮ್ಮ ಮನೆಗೆ ಟಿವಿ ಬಂದ ಮೇಲೆ ಇಂಥ ಬುದ್ಧಿಮಾತು ಶುರುವಾದರೆ ಸಾಕು, ದೊಡ್ಡಪ್ಪ ಯಾರನ್ನಾದರೂ ಸಿಲ್ವರ್ ಮರದ ಹತ್ತಿರ ಓಡಿಸುತ್ತಿದ್ದರು, ಆಂಟೆನಾ ತಿರುಗಿಸಲು.

ದೊಡ್ಡಪ್ಪನ ಮಾತು ಬಂತು, ಹೇಳಿಯೇಬಿಡುತ್ತೇನೆ. ಮನೆಯ ಐಮರದ, ಅಂದರೆ ಜಗಲಿಯಲ್ಲಿ ಕೂರುವ ಮರದ ಹಲಗೆಯ, ತುದಿ ಅವರ ಜಾಗ. ಬೇರೆ ಯಾರೂ ಕೂರುವ ಹಾಗಿಲ್ಲ. ಅಲ್ಲಿ ಕೂತೇ ಲೈನ್ ಮನೆಯವರ ಬಗ್ಗೆ ಅವರು ಹೇಳುತ್ತಿದ್ದ ಮಾತು ಇಲ್ಲಿ ಅಚ್ಚು ಹಾಕುವಂಥದ್ದಲ್ಲ. ಕಣದಲ್ಲಿ ಕಾಫಿ ಹರಡಲು ಬಂದವರಿಗೆ ಅಂತ ಹಿಂದಿನ ಗೋಡೆಯ ಗೂಡಿನಲ್ಲಿ ಬೇರೆ ಎರಡು ಗಾಜಿನ ಲೋಟ ಇದ್ದವು. ಒಂದು ದಿನ ದೊಡ್ಡಮ್ಮ ಮನೆಯ ಸ್ಟೀಲ್ ಲೋಟದಲ್ಲೇ ಅವರಿಗೆ ಕಾಫಿ ತಂದರು. ದೊಡ್ಡಪ್ಪ ಹುಬ್ಬು ಗಂಟಿಕ್ಕಿದರು. “ಆ ಲೋಟ ಒಡೆದುಹೋಯ್ತು. ಬೇಕಾದ್ರೆ ನೀವೇ ಮಡಿಕೇರಿಗೆ ಹೋಗಿ ತನ್ನಿ” ಅಂದರು ದೊಡ್ಡಮ್ಮ. ದೊಡ್ಡಪ್ಪ ಹೋಗಲಿಲ್ಲ. ಎರಡೂ ಲೋಟ ಒಂದೇ ದಿನ ಹೇಗೆ ಒಡೆದವು ಅಂತಲೂ ಕೇಳಲಿಲ್ಲ. ಬೈಯುವುದನ್ನೂ ಬಿಡಲಿಲ್ಲ.

ಆರ್ಚಿಯೂ ಹಾಗೇ, ಪೂರ್ತಿ ಬದಲಾಗುವುದೇ ಇಲ್ಲ. ಕೊನೆಯ ಸೀಸನ್ ಸಪ್ಪೆ, ನೋಡದಿದ್ದರೂ ನಷ್ಟವಿಲ್ಲ. ಆದರೆ ಅದರ ಮುಂದುವರಿದ ಭಾಗದಲ್ಲಿ, 1980ರಲ್ಲಿ, ಎಡಿತ್ ತೀರಿಕೊಂಡಿರುತ್ತಾಳೆ. ಆರ್ಚಿ ಅಳುವುದಿಲ್ಲ, ಯಾರ ಹತ್ತಿರವೂ ಮಾತಾಡುವುದಿಲ್ಲ. ಮಲಗುವ ಕೋಣೆಯಲ್ಲಿ ಅವಳ ಚಪ್ಪಲಿಯ ಒಂದು ಕಾಲು ಸಿಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ಕೂರುತ್ತಾನೆ. ಆಗ ಕಟ್ಟೆ ಒಡೆಯುತ್ತದೆ. ಅಲ್ಲಿ ಮಾತ್ರ ಯಾರೂ ನಗುವುದಿಲ್ಲ.

‘ಆ ಕುರ್ಚಿಯನ್ನು ಮ್ಯೂಸಿಯಂನಲ್ಲಿ ಇಟ್ಟಿದ್ದಾರಂತೆ, ನಾಚಿಕೆಗೇಡು’ ಅಂತಲೂ ಬರೆದಿದ್ದೀರಿ. ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್‌ಗೆ 1978ರಲ್ಲಿ ಕೊಟ್ಟಿದ್ದು ನಿಜ. ಕೊಟ್ಟಿದ್ದು ಎರಡು ಕುರ್ಚಿ. ಇನ್ನೊಂದು ಎಡಿತ್‌ದು.

ಇನ್ನು ನನ್ನದೊಂದು ಕೋರಿಕೆ. ಚೆಕ್‌ರೋಲಿನ ಆ ಅಡ್ಡಹೆಸರುಗಳಲ್ಲಿ ಕೆಲವರ ನಿಜವಾದ ಹೆಸರು ಕೆಲಸ ಬಿಟ್ಟ ಮೇಲಷ್ಟೇ ಗೊತ್ತಾಯಿತು ಅಂತ ಪತ್ರದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀರಿ. ಅದನ್ನೇ ಎರಡು ಪುಟ ಬರೆದು ಕಳಿಸಿ. ಯಾರು ಹೇಳಿದರು, ಹೇಗೆ ಗೊತ್ತಾಯಿತು, ಅಷ್ಟು ಸಾಕು. ನಿಮ್ಮ ಹೆಸರು ಹಾಕುವುದಿಲ್ಲ. ಈ ಸಲ ತಲೆಬರಹವನ್ನೂ ನೀವೇ ಕೊಡಿ.